ಎಲ್ಲಿಗೆ ಎಂದು ಕೇಳಿದವಳು

ಕುಮಟಾ
11 ನವೆಂಬರ್ 2024

ಅಮ್ಮಾ,

ನೀನು ಫೋನು ಎತ್ತದೆ ಇಂದಿಗೆ ಇಪ್ಪತ್ತೆರಡು ದಿನ. ಮೊದಲು ಸಿಗ್ನಲ್ ಇಲ್ಲ ಎಂದುಕೊಂಡೆ, ಆಮೇಲೆ ರಿಚಾರ್ಜ್ ಮುಗಿದಿರಬೇಕು ಎಂದುಕೊಂಡೆ. ನಿನ್ನೆ ಪ್ರದೀಪ ಭಾವನಿಗೆ ಮಾಡಿ ವಿಚಾರಿಸಿದರೆ, ಅತ್ತೆ ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದಾಳೆ, ಮುಟ್ಟುವುದೇ ಇಲ್ಲ ಎನ್ನುತ್ತಾಳೆ ಎಂದ. ಅದಕ್ಕೇ ಈ ಕಾಗದ. ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ಕೇಳಿದರೆ ಅಲ್ಲಿದ್ದವರು ನನ್ನ ಮುಖವನ್ನು ಎರಡು ಸಲ ನೋಡಿ ಕೊಟ್ಟರು. ಏಳನೆಯ ತರಗತಿಯವರೆಗೆ ಕಲಿತವಳು ನೀನು, ಅಕ್ಷರ ನನಗಿಂತ ದುಂಡಗೆ. ಉತ್ತರ ಬರೆಯದಿರಲು ನಿನಗೆ ನೆವವಿಲ್ಲ.

ನಾನು ಮಾಡಿದ್ದನ್ನು ನಾನೇ ಹೇಳಿಬಿಡುತ್ತೇನೆ. ವಿನೋದನನ್ನು ಅಂಗಳದಲ್ಲಿ ಮಲಗಿಸಿದಾಗ ನೀನು ಹಾಡಿಕೊಂಡು ಅತ್ತೆಯಲ್ಲ, ಆಗ ನನ್ನ ಕೈಯಲ್ಲಿ ಫೋನಿತ್ತು. ಭಟ್ಕಳದ ಆಸ್ಪತ್ರೆಯಿಂದ ತಮ್ಮನ ಹೆಣ ತಂದವರು ನಾನು ಮತ್ತು ಪ್ರದೀಪ ಭಾವ. ದಾರಿಯುದ್ದಕ್ಕೂ ಯಾರ್ಯಾರಿಗೋ ಸುದ್ದಿ ಹೇಳುತ್ತಲೇ ಬಂದಿದ್ದೆ. ನಿನ್ನ ದನಿ ಏರಿತು, ನನ್ನ ಬೆರಳು ರೆಕಾರ್ಡ್ ಒತ್ತಿತು. ಯಾಕೆ ಎಂದರೆ ಇವತ್ತಿಗೂ ಗೊತ್ತಿಲ್ಲ. ಅವನಂತೂ ಹೋದ, ಇದಾದರೂ ಇರಲಿ ಅನ್ನಿಸಿತೋ ಏನೋ. ಎರಡು ವರ್ಷ ಅದನ್ನು ಒಮ್ಮೆಯೂ ಕೇಳಲಿಲ್ಲ.

ಕಳೆದ ತಿಂಗಳು ಧಾರವಾಡದ ವಿಚಾರಸಂಕಿರಣದಲ್ಲಿ ಅದರ ಮೂರು ನಿಮಿಷ ಕೇಳಿಸಿದೆ. ನಾನು ಪಿಎಚ್.ಡಿ.ಗೆ ಓದುತ್ತಿರುವುದು ಐರ್ಲೆಂಡ್ ದೇಶದ ಈಗಿನ ಕಾಲದ ನಾಟಕಗಳನ್ನು ಎಂದು ನಿನಗೆ ಹೇಳಿದ್ದೆ. ಅದರಲ್ಲೊಂದು ನಾಟಕ. ಕಡಲ ಬದಿಯ ಮನೆ, ಅದರ ಅಡುಗೆಕೋಣೆ. ಪಕ್ಕದ ಕೋಣೆಯಲ್ಲಿ ಅಪ್ಪನ ಹೆಣ. ತಾಯಿಯೂ ಇಬ್ಬರು ಹೆಣ್ಣುಮಕ್ಕಳೂ ಚಹಾ ಕುಡಿಯುತ್ತ ಮನೆ ಮಾರುವ ವಿಷಯಕ್ಕೆ ಜಗಳವಾಡುತ್ತಾರೆ, ಯಾರೂ ಅಳುವುದಿಲ್ಲ. ಕೊನೆಗೆ ತಾಯಿ ಇದ್ದಕ್ಕಿದ್ದಂತೆ, ಮಕ್ಕಳಿಗೆ ಅರ್ಥವೇ ಆಗದ ಹಳೆಯ ಭಾಷೆಯಲ್ಲಿ ಹಾಡಿ ಅಳತೊಡಗುತ್ತಾಳೆ. ಅಲ್ಲಿ ಹಿಂದೆ ಸತ್ತ ಮನೆಗೆ ಬಂದು ಹಾಡಿ ಅಳುವ ಹೆಂಗಸರಿದ್ದರು. ಅವರ ಮಾತು ನೂರು ವರ್ಷದ ಹಿಂದಿನ ನಾಟಕಗಳಿಗೆ ಬಂತು, ಅಲ್ಲಿಂದ ಈಗಿನವಕ್ಕೆ. ಯಾವುದು ಎಲ್ಲಿಂದ ಬಂತು ಎಂದು ಹುಡುಕುವುದು ನನ್ನ ಕೆಲಸ. ಬಾಯಿಮಾತಲ್ಲಿ ಹೇಳಿದರೆ ತಿಳಿಯುವುದಿಲ್ಲ ಎಂದು ನಿನ್ನ ದನಿ ಕೇಳಿಸಿದೆ. ಅದನ್ನು ಯಾರೋ ವಿಡಿಯೊ ಮಾಡಿ ಹಾಕುತ್ತಾರೆಂದು ಮಾತ್ರ ನನಗೆ ತಿಳಿದಿರಲಿಲ್ಲ.

ಬೈಯುವುದಾದರೆ ಬೈದು ಬರೆ.

ನಿನ್ನ ಮಗಳು,
ದಿವ್ಯಶ್ರೀ


ಮುರ್ಡೇಶ್ವರ
20 ನವೆಂಬರ್ 2024

ದಿವ್ಯಶ್ರೀಗೆ ಅಮ್ಮ ಬರೆಯುವುದು.

ನಿನ್ನ ಕಾಗದ ಬಂತು. ಪೋಸ್ಟಿನ ಗುರುದತ್ತ ಜಗಲಿಯ ಮೇಲೆ ಕೂತು ನೀರು ಕುಡಿದು ಕೊಟ್ಟ, ಇಂಥದ್ದು ಹಂಚದೆ ಎಷ್ಟು ಕಾಲವಾಯಿತು ಎಂದ. ಬೈಯುವುದಕ್ಕೆ ನಾನು ಬರೆಯುವುದಿಲ್ಲ. ಬೈಯುವುದಿದ್ದರೆ ಎದುರಿಗೆ ಬೈಯುತ್ತೇನೆ, ಅದಕ್ಕೆ ಅಂಚೆಯವರು ಯಾಕೆ.

ಪೇಟೆಯಲ್ಲಿ ಬಂಗಡೆ ಬುಟ್ಟಿ ಇಟ್ಟುಕೊಂಡು ಕೂತಿದ್ದೆ. ಪ್ರದೀಪ ಬಂದು, ದಿವ್ಯನ ಭಾಷಣ ಬಂದಿದೆ ನೋಡು ಎಂದು ಫೋನು ಹಿಡಿದ. ನನಗೆ ಎಷ್ಟು ಹೆಮ್ಮೆ ಎಂದರೆ, ಆಚೀಚೆ ಕೂತ ನಾಲ್ಕು ಹೆಂಗಸರನ್ನು ನಾನೇ ಕರೆದೆ. ಮೊದಲು ಒಬ್ಬಳು ಹುಡುಗಿ ಬಂದು ತಲೆಗೆ ಎಣ್ಣೆ ಹಚ್ಚಿಕೊಂಡಳು. ಆಮೇಲೆ ನೀನು ಬಂದೆ. ಆ ಹಸಿರು ಸೀರೆ. ಇಂಗ್ಲಿಷು ಒಂದು ಅಕ್ಷರವೂ ತಿಳಿಯಲಿಲ್ಲ, ಆದರೂ ನೀನು ತಡವರಿಸದೆ ಹೇಳುವುದು ನೋಡಿ ಕಣ್ಣು ತುಂಬಿತು. ಅಷ್ಟರಲ್ಲಿ ಅದರೊಳಗಿಂದ ನಾನು ಅತ್ತೆ. ನಡುಹಗಲು, ಮೀನುಪೇಟೆಯಲ್ಲಿ, ಯಾವ ಹೆಣವೂ ಎದುರಿಗಿಲ್ಲದೆ. ಪಕ್ಕದವಳು ಬುಟ್ಟಿ ಎತ್ತಿಕೊಂಡು ದೂರ ಹೋಗಿ ಕೂತಳು. ನಾನು ಅತ್ತು ಮುಗಿಯುವುದರೊಳಗೆ ಮತ್ತೆ ಎಣ್ಣೆಯ ಹುಡುಗಿ ಬಂದಳು.

ನಿನಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ಹೇಳುವುದು ಹೆಣದ ಮುಂದೆ, ಇಲ್ಲವಾದರೆ ವರ್ಷಕ್ಕೊಮ್ಮೆ ಎಡೆ ಇಡುವಾಗ. ಬೇರೆ ಹೊತ್ತಿನಲ್ಲಿ ಬಾಯಿಗೆ ತಂದರೆ ಮನೆಗೆ ಆಗಿಬರುವುದಿಲ್ಲ. ಫೋನಿನ ಒಳಗೆ ಹೋದದ್ದು ಯಾವ ಪೇಟೆಯಲ್ಲಿ ಹೊರಗೆ ಬರುತ್ತದೋ ಯಾರಿಗೆ ಗೊತ್ತು. ಅದಕ್ಕೇ ಅಕ್ಕಿ ಡಬ್ಬದಲ್ಲಿದೆ, ಅಲ್ಲೇ ಇರಲಿ.

ಆ ದನಿಯನ್ನು ಅಳಿಸು. ಅಳಿಸಿ ಮನೆಗೆ ಬಾ. ಅಳಿಸದೆ ಬರಬೇಡ.

ಒಣಶೆಟ್ಲಿ ಚಟ್ನಿ ಮಾಡಿ ಪ್ರದೀಪನ ಕೈಯಲ್ಲಿ ಕಳಿಸಿದ್ದೇನೆ. ಡಬ್ಬ ವಾಪಸು ಕೊಡು.

ಅಮ್ಮ


ಕುಮಟಾ
2 ಡಿಸೆಂಬರ್ 2024

ಅಮ್ಮಾ,

ಸಿಗಡಿ ಚಟ್ನಿ ಬಂತು. ಕಾಲೇಜಿಗೆ ಒಯ್ದು ಸ್ಟಾಫ್ ರೂಮಿನಲ್ಲಿ ಹಂಚಲು ಮನಸ್ಸು ಬರದೆ ಒಬ್ಬಳೇ ತಿನ್ನುತ್ತಿದ್ದೇನೆ.

ಧಾರವಾಡದವರಿಗೆ ಹೇಳಿ ವಿಡಿಯೊ ತೆಗೆಸಿದೆ. ಇನ್ನು ಯಾವ ಪೇಟೆಯಲ್ಲೂ ಬರುವುದಿಲ್ಲ. ಆದರೆ ದನಿಯನ್ನು ಪೂರ್ತಿ ಅಳಿಸಲು ಈಗ ಆಗುವುದಿಲ್ಲ, ಸ್ವಲ್ಪ ತಾಳ್ಮೆಯಿಂದ ಓದು. ನನ್ನ ಪ್ರಬಂಧದ ಕೊನೆಯ ಅಧ್ಯಾಯ ನಿಂತಿರುವುದೇ ಅದರ ಮೇಲೆ. ಜುಲೈ ಒಳಗೆ ಸಲ್ಲಿಸಿದರೆ ಖಾಯಂ ಕೆಲಸದ ಸಂದರ್ಶನಕ್ಕೆ ಕೂರಬಹುದು. ಏಳು ವರ್ಷದಿಂದ ಅತಿಥಿ ಉಪನ್ಯಾಸಕಿ ನಾನು, ಇಷ್ಟು ವರ್ಷ ಯಾವ ಮನೆಯಲ್ಲೂ ಅತಿಥಿಯನ್ನು ಇಟ್ಟುಕೊಳ್ಳುವುದಿಲ್ಲ.

ನಮ್ಮ ಗೈಡ್ ಸರ್‌ಗೆ ಒಂದು ಸಾಲಿನ ಮೇಲೆ ಬಹಳ ಆಸಕ್ತಿ. ನೀನು ನಡುವೆ ದನಿ ಎತ್ತರಿಸಿ, 'ಎಲ್ಲಿಗೆ ಅಂತ ಕೇಳ್ದೋಳು ನಾನೇ, ನಾನೇ' ಎಂದು ಮೂರು ಸಲ ಹೇಳುತ್ತೀ. ಅವರು ಬಯಲುಸೀಮೆಯವರಾದರೂ ಅವರಿಗೂ ಗೊತ್ತು, ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ದೂರವಾ ಎಂದು ಕೇಳಬೇಕು. ಕಡಲಿಗೆ ಹೊರಟವರನ್ನಂತೂ ಕೇಳಲೇಬಾರದು, ಬಾಯಿ ತಪ್ಪಿ ಕೇಳಿದರೆ ಅವರು ತಿರುಗಿ ಬಂದು ಕೂತು ನೀರು ಕುಡಿದೇ ಮತ್ತೆ ಹೊರಡಬೇಕು ಎಂದು ನಾನು ವಿವರಿಸಿದೆ. ಈ ಸಾಲು ಎಲ್ಲಿಂದ ಬಂತು, ಯಾರ ಪ್ರಭಾವ ಎಂದು ಅವರು ಕೇಳುತ್ತಾರೆ. ನಿನ್ನ ಅಬ್ಬೆಯಿಂದ ಕಲಿತದ್ದಾ? ಬೇರೆ ಮನೆಗಳಲ್ಲೂ ಹೇಳುತ್ತಾರಾ? ಇಷ್ಟು ಮಾತ್ರ ತಿಳಿಸು.

ದಿವ್ಯಶ್ರೀ


ಮುರ್ಡೇಶ್ವರ
17 ಡಿಸೆಂಬರ್ 2024

ದಿವ್ಯಶ್ರೀ,

ಪ್ರಭಾವ ಎಂದರೆ ಎಂತ ಎಂದು ಗುರುದತ್ತನನ್ನು ಕೇಳಿದೆ. ದೊಡ್ಡವರ ಕೈ ಇದ್ದರೆ ಕೆಲಸ ಬೇಗ ಆಗುತ್ತದಲ್ಲ, ಅದೇ ಎಂದ. ಹಾಗಾದರೆ ನಮಗೆ ಅದು ಇಲ್ಲ ಎಂದು ನಿನ್ನ ಸರ್‌ಗೆ ಹೇಳು.

ಅಳುವುದನ್ನು ಯಾರಾದರೂ ಕಲಿಯುತ್ತಾರಾ? ಸತ್ತ ಮನೆಗೆ ಹೋದಾಗ ದೊಡ್ಡವರು ಹೇಳಿದ್ದು ಕಿವಿಗೆ ಬಿದ್ದಿರುತ್ತದೆ, ನಮ್ಮ ಸರದಿ ಬಂದಾಗ ಬಾಯಿಗೆ ಬರುತ್ತದೆ. 'ದೂರ ಹೋದ್ಯೋ, ದಾರಿ ಕೇಳದೆ ಹೋದ್ಯೋ' ಎನ್ನುವುದು ಕಾಯ್ಕಿಣಿಯ ನನ್ನ ಅಜ್ಜಿಯದು. ಹೊತ್ತು ಮುಳುಗುವುದನ್ನು ಹೇಳಿದ್ದು ನನ್ನ ಅಬ್ಬೆಯದು. ಒಣಗಿದ ಅಂಗಿಯ ಮಾತು ಯಾರದೂ ಅಲ್ಲ. ಅವನ ನೀಲಿ ಅಂಗಿ ಎದುರಿಗೆ ಸರಿಗೆಯ ಮೇಲೆ ನೇತಾಡುತ್ತಿತ್ತು, ನೋಡಿ ಹೇಳಿದೆ. ಇಷ್ಟನ್ನು ಬರೆದುಕೋ. ಆ ಒಂದು ಸಾಲಿನ ವಿಷಯ ಕೇಳಬೇಡ, ಅದನ್ನು ಬಿಟ್ಟುಬಿಡು.

ನೀನು ಆ ದೇಶವನ್ನು ನೋಡಿದ್ದೀಯಾ? ನೋಡದೆ ಇಷ್ಟು ವರ್ಷ ಓದುವುದು ಹೇಗೆ?

ನಾನು ಈಗ ದಂಡೆಗೆ ಹೋಗುವುದಿಲ್ಲ. ಮೀನು ಪ್ರದೀಪನೇ ತಂದುಕೊಡುತ್ತಾನೆ. ಮಂಡಿನೋವು, ಬೇರೆ ಏನಿಲ್ಲ.

ಅಳಿಸಿದೆಯಾ?

ಅಮ್ಮ


ಕುಮಟಾ
9 ಫೆಬ್ರವರಿ 2025

ಅಮ್ಮಾ,

ನೋಡಿಲ್ಲ. ಐರ್ಲೆಂಡನ್ನು ನೋಡುವ ಯೋಗ ನನಗಿದೆಯೋ ಇಲ್ಲವೋ. ಆದರೆ ಅವರ ಅಡುಗೆಕೋಣೆಗಳು ನನಗೆ ಚೆನ್ನಾಗಿ ಗೊತ್ತು. ಚಹಾದ ಕೆಟಲ್ ಎಲ್ಲಿದೆ, ತಂದೆ ಕೂರುವ ಕುರ್ಚಿಯಲ್ಲಿ ಬೇರೆಯವರು ಕೂತರೆ ಏನಾಗುತ್ತದೆ, ಎಲ್ಲ ಗೊತ್ತು. ವಿನೋದನಿಗೆ ಒಮ್ಮೆ ಕಥೆ ಹೇಳಿದ್ದೆ. ವೇಷವಿಲ್ಲ, ಚಂಡೆಯಿಲ್ಲ, ಅಡುಗೆಕೋಣೆಯಲ್ಲಿ ಕೂತು ಜಗಳ ಮಾಡುವುದಕ್ಕೆ ಟಿಕೆಟ್ ಎಂತಕ್ಕೆ, ನಮ್ಮ ಮನೆಗೆ ಬಂದರೆ ಪುಕ್ಕಟೆ ಎಂದಿದ್ದ. ಮೊನ್ನೆ ಪಾಠ ಮಾಡುವಾಗ ಅದನ್ನು ಮಕ್ಕಳಿಗೆ ಹೇಳಿದೆ. ಎಲ್ಲರೂ ನಕ್ಕರು. ನಾನು ನೀರು ಕುಡಿಯುವ ನೆವ ಮಾಡಿ ಆಚೆ ತಿರುಗಿದೆ.

ಅಧ್ಯಾಯ ಮುಗಿಯಿತು. ನೀನು ಆ ಸಾಲಿನ ಬಗ್ಗೆ ಹೇಳಲಿಲ್ಲ, ಅದಕ್ಕೆ ನಾನೇ ತೀರ್ಮಾನಕ್ಕೆ ಬಂದೆ. ನಾನು ಹೇಳಿದ ನಾಟಕದಲ್ಲೂ ತಾಯಿ ಅಳುವಾಗ, ಗಂಡ ಹೊರಡುವಾಗ ಬಾಗಿಲು ತೆರೆದುಕೊಟ್ಟವಳು ನಾನೇ ಎನ್ನುತ್ತಾಳೆ, ನಿಜಕ್ಕೂ ಅವಳು ತೆರೆದಿರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಹೀಗೆ ಬರೆದಿದ್ದೇನೆ: 'ಸತ್ತವರ ಸಾವಿಗೆ ತಾನೇ ಕಾರಣಳೆಂದು ತಾಯಿ ಹೇಳಿಕೊಳ್ಳುವುದು ಇಂಥ ಹಾಡುಗಳಲ್ಲಿ ತಲೆಮಾರುಗಳಿಂದ ಬಂದ ರೂಢಿಯ ಮಾತು. ಅದಕ್ಕೆ ನಡೆದ ಘಟನೆಯ ಆಧಾರ ಬೇಕಾಗಿಲ್ಲ.' ಸರ್ ಬಹಳ ಮೆಚ್ಚಿದರು. ಇಡೀ ಪ್ರಬಂಧದ ಕೀಲಿ ಇದೇ ಎಂದರು.

ಸಲ್ಲಿಸಿದ ಮೇಲೆ ಅಳಿಸುತ್ತೇನೆ. ಖಂಡಿತ.

ದಿವ್ಯಶ್ರೀ


ಕುಮಟಾ
30 ಮಾರ್ಚ್ 2025

ಅಮ್ಮಾ,

ಏಳು ವಾರವಾಯಿತು, ನಿನ್ನ ಅಕ್ಷರವಿಲ್ಲ. ಇವತ್ತು ಯುಗಾದಿ ಎಂದು ಬೆಳಗಿನ ಗಾಡಿ ಹತ್ತಿದೆ. ಮುರ್ಡೇಶ್ವರದಲ್ಲಿ ಇಳಿದೆ. ಅಳಿಸದೆ ಬರಬೇಡ ಎಂದಿದ್ದು ನೆನಪಾಗಿ, ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆ. ನಡೆದರೆ ಮನೆಗೆ ಎಷ್ಟು ಹೊತ್ತು ಹೇಳು. ಮುಂದಿನ ಗಾಡಿ ಬರುವವರೆಗೆ ಕೂತು, ಅದೇ ಗಾಡಿಗೆ ಕುಮಟೆಗೆ ಬಂದೆ. ನಿನಗೆ ತಂದ ಬೇವು ಬೆಲ್ಲ ಚೀಲದಲ್ಲೇ ಇದೆ.

ಬೈದಾದರೂ ಬರೆ ಅಮ್ಮಾ.

ದಿವ್ಯಶ್ರೀ


ಮುರ್ಡೇಶ್ವರ
14 ಜೂನ್ 2025

ದಿವ್ಯಶ್ರೀ,

ನಿನ್ನ ಫೆಬ್ರವರಿಯ ಕಾಗದವನ್ನು ದೇವರ ಪಟದ ಹಿಂದೆ ಇಟ್ಟು ನಾಲ್ಕು ತಿಂಗಳು ಓಡಾಡಿದೆ. ಬರೆಯುವುದು ಬೇಡ ಎಂದೇ ಇದ್ದೆ. ನೀನು ಬೆಂಚಿನ ಮೇಲೆ ಕೂತು ವಾಪಸು ಹೋದೆ ಎಂದು ಓದಿದ ದಿನ ಅನ್ನ ಇಳಿಯಲಿಲ್ಲ, ಆದರೂ ಬರೆಯಲಿಲ್ಲ. ಈಗ ಬರೆಯುತ್ತೇನೆ, ಯಾಕೆಂದರೆ ಜುಲೈ ಬಂತು, ನೀನು ಪುಸ್ತಕ ಕೊಟ್ಟುಬಿಡುತ್ತೀ.

ನೀನು ಬರೆದದ್ದು ಸುಳ್ಳು. ಅದು ರೂಢಿಯ ಮಾತಲ್ಲ. ನನ್ನ ಅಬ್ಬೆ ಹೇಳಿದ್ದಲ್ಲ, ಕಾಯ್ಕಿಣಿಯ ಅಜ್ಜಿ ಹೇಳಿದ್ದಲ್ಲ. ನಮ್ಮ ಕೇರಿಯಲ್ಲಿ ಯಾವ ಹೆಂಗಸೂ ಯಾವ ಹೆಣದ ಮುಂದೂ ಅದನ್ನು ಹೇಳಿಲ್ಲ.

ಅವತ್ತು ಬೆಳಿಗ್ಗೆ ನಾನು ಬಾವಿಯ ಹತ್ತಿರ ಇದ್ದೆ. ದೋಣಿ ನಡೆಸುವ ತಾಂಡೇಲ ಜಟ್ಟ ವಿನೋದನನ್ನು ಕರೆಯಲು ಬಂದು ಅಂಗಳದ ಆಚೆ ನಿಂತಿದ್ದ. ವಿನೋದ ಹೊಸಿಲು ದಾಟಿದ. ಒಳಗಿಂದ ನೀನು, ಎಲ್ಲಿಗೋ ಇಷ್ಟು ಬೆಳಿಗ್ಗೆ ಎಂದು ಕೇಳಿದೆ. ಹಿಂದಿನ ದಿನ ಕುಮಟೆಯಿಂದ ಬಂದವಳು, ನಿದ್ದೆಗಣ್ಣು. ಅವನು ನಕ್ಕ. 'ಇಲ್ಲೇ ಅಕ್ಕಾ, ಬತ್ತೆ' ಎಂದ. ಬಂದು ಕೂತು ನೀರು ಕುಡಿದು ಹೋಗು ಎಂದು ನಾನು ಕೂಗಬೇಕಿತ್ತು. ಕೊಡ ಅರ್ಧ ಮೇಲೆ ಬಂದಿತ್ತು, ಹಗ್ಗ ಬಿಡಲಾಗಲಿಲ್ಲ, ಅಷ್ಟರಲ್ಲಿ ಅವರು ತೆಂಗಿನಮರ ದಾಟಿದ್ದರು.

ಅಳಿವೆಯಲ್ಲಿ ದೋಣಿ ಮಗುಚಿತು. ಜಟ್ಟ ಈಜಿ ಬದುಕಿದ. ನೀನು ಪ್ರದೀಪನ ಜೊತೆ ಭಟ್ಕಳಕ್ಕೆ ಹೋಗಿದ್ದಾಗ ಅವನು ನಮ್ಮ ಅಂಗಳಕ್ಕೆ ಬಂದ. 'ಹೊರಡುವಾಗ ಒಳಗಿಂದ ಒಂದು ಹೆಣ್ಣುದನಿ ಎಲ್ಲಿಗೆ ಅಂತ ಕೇಳ್ತು. ಆಗ್ಲೇ ತಿರುಗ್ಸಿ ಕೂರಿಸ್ಬೇಕಾಗಿತ್ತು' ಎಂದ. ಯಾರ ದನಿ ಎಂದು ಅವನಿಗೆ ಗೊತ್ತಿಲ್ಲ. ಕೇಡು ಬಗೆದು ಹೇಳಿದವನೂ ಅಲ್ಲ, ಪಾಪ. ಆದರೆ ಅಂಗಳದ ತುಂಬ ಜನ, ಮನೆಯಲ್ಲಿದ್ದ ಹೆಂಗಸರು ಇಬ್ಬರೇ. ಓದಿದವಳು, ಇದನ್ನೆಲ್ಲ ಲೆಕ್ಕಕ್ಕೆ ಇಡುವವಳಲ್ಲ ಎಂದು ಒಬ್ಬಳು ಆಗಲೇ ಅಂದಳು. ಎಲ್ಲರೂ ನೀನು ಬರುವ ದಾರಿಯನ್ನೇ ನೋಡುತ್ತಿದ್ದರು.

ಹೆಣ ಬಂತು. ನೀನೂ ಬಂದೆ. ಹಾಡಿ ಅಳುವಾಗ ಹೇಳಿದ್ದನ್ನು ಯಾರೂ ಹೌದಾ ಅಲ್ಲವಾ ಎಂದು ಕೇಳುವುದಿಲ್ಲ. ಅದಕ್ಕೇ ಅದರಲ್ಲೇ ಸೇರಿಸಿ ಹೇಳಿದೆ. ಹಿಂದೆ ನಿಂತವರಿಗೂ ಕೇಳಲಿ ಎಂದು ಮೂರು ಸಲ ಹೇಳಿದೆ. ಅವತ್ತಿನಿಂದ ನಾನು ದಂಡೆಗೆ ಹೋಗುವುದಿಲ್ಲ. ನನ್ನನ್ನು ಕಂಡರೆ ಹೊರಟ ದೋಣಿ ನಿಲ್ಲುತ್ತದೆ. ಮಂಡಿನೋವು ಏನೂ ಇಲ್ಲ.

ಒಂದು ಮಾತಿಗೆ ಕಡಲು ಏಳುವುದಿಲ್ಲ, ನನಗೂ ಗೊತ್ತು ಮಗಾ. ತಪ್ಪು ನಿನ್ನದೆಂದು ಹೇಳಲು ಇದನ್ನು ಬರೆಯಲಿಲ್ಲ. ನೀನು ಸುಳ್ಳು ಬರೆದು ಡಾಕ್ಟರ್ ಆಗಬಾರದು, ಅದಕ್ಕೆ ಬರೆದೆ.

ಅಮ್ಮ


ಕುಮಟಾ
23 ಜೂನ್ 2025

ಅಮ್ಮಾ,

ನಾನು ಕೇಳಿದ್ದು ನನಗೆ ನೆನಪಿತ್ತು. ಮೂರು ವರ್ಷವೂ ನೆನಪಿತ್ತು. ಯಾರಿಗೂ ಕೇಳಿಸಿಲ್ಲ ಎಂದುಕೊಂಡಿದ್ದೆ. ಇಂಥದ್ದನ್ನು ನಾನು ನಂಬುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿಕೊಂಡೆ, ನಂಬದವಳಿಗೆ ಅಷ್ಟು ಸಲ ಹೇಳಿಕೊಳ್ಳುವ ಅಗತ್ಯವಿರಲಿಲ್ಲ. ರೆಕಾರ್ಡು ಹಾಕಿ ನಿನ್ನ ಸಾಲು ಕೇಳಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಅದು ರೂಢಿಯ ಮಾತು ಎಂದು ಬರೆದ ದಿನ ಸರಿಯಾಗಿ ನಿದ್ದೆ ಬಂತು. ನಿದ್ದೆ ಬರಲಿ ಎಂದೇ ಹಾಗೆ ಬರೆದೆ ಎಂದು ಈಗ ತಿಳಿಯುತ್ತಿದೆ.

ನೀನು ಮೂರು ವರ್ಷ ದಂಡೆಗೆ ಹೋಗಲಿಲ್ಲ. ನಾನು ಸಭೆಯಲ್ಲಿ ಹಸಿರು ಸೀರೆ ಉಟ್ಟು, ನನ್ನನ್ನು ಉಳಿಸಿದ ಮಾತನ್ನೇ ಜನರಿಗೆ ಕೇಳಿಸಿದೆ. ನನಗೆ ನಾಚಿಕೆಯಾಗುತ್ತಿದೆ ಅಮ್ಮಾ.

ಅಧ್ಯಾಯ ಹಿಂದಕ್ಕೆ ತೆಗೆದುಕೊಂಡೆ. ಕಾರಣ ಹೇಳಲಿಲ್ಲ. ಸರ್ ಬೇಸರಪಟ್ಟು, ಇನ್ನೊಂದು ವರ್ಷವಾದೀತು ಎಂದರು. ಈ ಸಲದ ಸಂದರ್ಶನ ತಪ್ಪಿತು. ಇನ್ನೂ ಸ್ವಲ್ಪ ಕಾಲ ಅತಿಥಿಯಾಗಿರುತ್ತೇನೆ.

ದನಿಯನ್ನು ಫೋನಿನಿಂದ, ಕಂಪ್ಯೂಟರಿನಿಂದ, ಸರ್ ಹತ್ತಿರವಿದ್ದ ಪೆನ್‌ಡ್ರೈವಿನಿಂದ, ಎಲ್ಲ ಕಡೆಯಿಂದ ಅಳಿಸಿದೆ.

ದಿವ್ಯಶ್ರೀ


ಮುರ್ಡೇಶ್ವರ
23 ಜೂನ್ 2025

ದಿವ್ಯಶ್ರೀ,

ಹೋದ ಕಾಗದ ಹಾಕಿದ ಮೇಲೆ ಮನಸ್ಸು ಹಗುರವಾಯಿತು. ಅದಕ್ಕೇ ಇನ್ನೊಂದು ಬರೆಯುತ್ತಿದ್ದೇನೆ, ನಗಬೇಡ.

ಜುಲೈ ಹದಿನೆಂಟಕ್ಕೆ ಅವನ ಎಡೆ. ಹೋದ ಎರಡು ವರ್ಷವೂ ಎಡೆಯ ಮುಂದೆ ಕೂತೆ, ಬಾಯಿ ಬರಲಿಲ್ಲ. ಅವತ್ತು ಹೇಳಿದ್ದರಲ್ಲಿ ನನಗೆ ನೆನಪಿರುವುದು ನಿನಗೆ ಬರೆದ ಎರಡು ಮೂರು ಮಾತು, ಮತ್ತೆ ಆ ಒಂದು ಸಾಲು. ಅದನ್ನು ಬೇಕೆಂದು ಹೇಳಿದ್ದು, ಉಳಿದದ್ದು ತಾನಾಗಿ ಬಂದದ್ದು. ಪೇಟೆಯಲ್ಲಿ ಕೇಳಿದಾಗ ನಾಚಿಕೆಯಲ್ಲಿ ಕಿವಿ ಮುಚ್ಚಿಕೊಂಡಿದ್ದೆ. ಅವನನ್ನು ಏನೆಂದು ಕರೆದೆ, ಹೇಗೆ ಕರೆದೆ ಎಂದು ಒಮ್ಮೆ ಕೇಳಬೇಕು ಅನ್ನಿಸುತ್ತದೆ.

ಅಳಿಸಬೇಡ. ಎಡೆಯ ದಿನ ತಗೊಂಡು ಬಾ. ಅವತ್ತು ಹಾಕಿದರೆ ದೋಷವಿಲ್ಲ. ಇಬ್ಬರೂ ಕೂತು ಕೇಳಿ, ಆಮೇಲೆ ಅಳಿಸಿದರಾಯಿತು.

ಅಮ್ಮ


ಮುರ್ಡೇಶ್ವರ
28 ಜೂನ್ 2025

ದಿವ್ಯಶ್ರೀ,

ನಾನು ಬರೆದ ದಿನವೇ ನೀನೂ ಬರೆದಿದ್ದೀ. ಎರಡು ಕಾಗದವೂ ಹೊನ್ನಾವರದ ಹತ್ತಿರ ಎಲ್ಲೋ ಎದುರುಬದುರಾಗಿರಬೇಕು.

ಎಲ್ಲ ಕಡೆಯಿಂದ ಅಳಿಸಿದೆ ಎಂದು ಬರೆದಿದ್ದೀ. ನನ್ನನ್ನೂ ಅಳಿಸಿದೆ, ಮಗಾ.

ಆತು ಬಿಡು. ನಾನೇ ಹೇಳಿದ್ದು, ನೀನು ಮಾಡಿದೆ. ಎಡೆಗೆ ಬರಿಗೈಯಲ್ಲೇ ಬಾ.

ಅಮ್ಮ


ಕುಮಟಾ
5 ಜುಲೈ 2025

ಅಮ್ಮಾ,

ನಿನ್ನ ಎರಡು ಕಾಗದವನ್ನೂ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಮೊದಲನೆಯದು ಒಂದು ವಾರ ಮುಂಚೆ ಬಂದಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ. ಅಳಿಸಿದ್ದನ್ನು ಮರಳಿ ತರಿಸಲು ಆಗುತ್ತದಾ ಎಂದು ಅಂಗಡಿಯಲ್ಲಿ ವಿಚಾರಿಸಿದೆ. ಆಗುವುದಿಲ್ಲ.

ಆದರೆ ಒಂದು ಮಾತು. ಆ ಹಾಡನ್ನು ಅಕ್ಷರಕ್ಕೆ ಇಳಿಸಲು ನಾನು ನೂರಾರು ಸಲ ಕೇಳಿದ್ದೇನೆ. ಬರೆದ ಹಾಳೆಗಳನ್ನು ಹರಿದು ಹಾಕಿದ್ದೇನೆ, ಅವು ಬೇಕಾಗಿಯೂ ಇಲ್ಲ. ನೀನು ಅವನ ಹೆಸರನ್ನು ಹದಿನಾಲ್ಕು ಸಲ ಕರೆದಿದ್ದೀ. ಐದನೆಯ ಸಲ ದನಿ ಒಡೆದು, ಹೆಸರಿನ ಅರ್ಧ ಮಾತ್ರ ಹೊರಗೆ ಬಂದಿದೆ. ನೀಲಿ ಅಂಗಿಯ ಸಾಲಾದ ಮೇಲೆ ಉಸಿರು ತೆಗೆದುಕೊಳ್ಳಲು ನಿಂತಿದ್ದೀ. ಎಲ್ಲ ನನಗೆ ಬಾಯಿಪಾಠ.

ಹದಿನೆಂಟರ ಬೆಳಗಿನ ಗಾಡಿಗೆ ಬತ್ತೆ. ಎಡೆಯ ಮುಂದೆ ನಾನು ಹೇಳುತ್ತೇನೆ, ನೀನು ಕೂತು ಕೇಳು. ಜಟ್ಟಣ್ಣನಿಗೂ ಬರಲು ಹೇಳು. ಪೇಟೆಯಲ್ಲಿ ಬುಟ್ಟಿ ಎತ್ತಿಕೊಂಡು ಎದ್ದವಳಿಗೂ, ಅವತ್ತು ಅಂಗಳದಲ್ಲಿದ್ದ ಎಲ್ಲರಿಗೂ ಹೇಳು. ಬೇಡ ಎನ್ನಬೇಡ. ಅದು ಮುಗಿದ ಮೇಲೆ ನಾವಿಬ್ಬರೂ ದಂಡೆಗೆ ಹೋಗೋಣ.

ನೀನು ಮಗನೇ ಎಂದಲ್ಲೆಲ್ಲ ನಾನು ತಮ್ಮಾ ಎಂದು ಬದಲಿಸಬೇಕಾಗುತ್ತದೆ. ಎಲ್ಲಿಗೆ ಅಂತ ಕೇಳ್ದೋಳು ನಾನೇ, ನಾನೇ ಎನ್ನುವ ಸಾಲಿನಲ್ಲಿ ಮಾತ್ರ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.

ನಿನ್ನ ಮಗಳು,
ದಿವ್ಯಶ್ರೀ